ಯಾರ ಮನೇದು?

ನಮ್ಮತ್ತೆಯವರ ಮಟ್ಟಿಗೆ ಈ ಲೋಕದಲ್ಲಿ ಅಪರಿಚಿತರೇ ಇಲ್ಲ; ಯಾವ ಮನೆಯವರೆಂದು ಇನ್ನೂ ವಿಚಾರಿಸದವರು ಇದ್ದಾರೆ, ಅಷ್ಟೆ! ಹೊಸನಗರದ ಬಸ್ಸಿನಲ್ಲಿ ಅವರ ಪಕ್ಕ ಕೂತವರು ಸಾಗರ ಮುಟ್ಟುವುದರೊಳಗೆ ಮೂರು ತಲೆಮಾರು ಒಪ್ಪಿಸಿ ಇಳಿಯಬೇಕು. ಅರವತ್ತರ ದಶಕದಲ್ಲಿ ನಾವು ಇಂಗ್ಲೆಂಡಿನಲ್ಲಿದ್ದಾಗ ಹಡಗಿನಲ್ಲಿ ಬಂದಿಳಿದರಲ್ಲ, ಇಂಗ್ಲಿಷಿನ ಒಂದಕ್ಷರ ಬಾರದಿದ್ದರೂ ಕಪ್ತಾನನಿಗೆ ಮದುವೆಯಾಗದ ತಂಗಿಯರಿಬ್ಬರು ಇದ್ದಾರೆಂದು ತಿಳಿದುಕೊಂಡೇ ಬಂದಿದ್ದರು. ಹೇಗೆಂದು ನನ್ನನ್ನು ಕೇಳಬೇಡಿ!

ಯಾರಾದರೂ ತಿರುಗಿ "ನಿಮ್ಮನೆ ಯಾವುದು?" ಎಂದರೆ ಮಾತ್ರ ಅತ್ತೆ ಮಾತು ಮರೆಸುತ್ತಿದ್ದರು. ಇಂಗ್ಲೆಂಡಿಗೆ ಬರುವ ಹಿಂದಿನ ಮಳೆಗಾಲದಲ್ಲಿ ಅವರ ಮನೆ, ಊರು ಎರಡೂ ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ್ದವು. ಅದಕ್ಕೇ ನಮ್ಮವರು ಅಮ್ಮನನ್ನು ಕರೆಸಿಕೊಂಡದ್ದು.

ಒಂದು ಶನಿವಾರ ಅವರನ್ನು ಆ ದೇಶದ ಇತಿಹಾಸದ ದೊಡ್ಡ ಮ್ಯೂಸಿಯಂಗೆ ಕರೆದೊಯ್ದೆ. ಗಾಜಿನ ಪೆಟ್ಟಿಗೆಯಲ್ಲಿ ಒಂದು ಉಂಗುರವಿತ್ತು.

"ಯಾರ ಮನೇದೇ ಇದು?"

"ರಾಜಂದು ಅತ್ತೆ."

"ರಾಜ ಆದ್ರೆ ಎಂತ, ಮನೆ ಹೆಸ್ರು ಇರಲ್ವಾ?"

ಚೀಟಿ ನೋಡಿದರೆ ನಿಜಕ್ಕೂ ಇತ್ತು: 'ಹೌಸ್ ಆಫ್ ಟ್ಯೂಡರ್'! ಟ್ಯೂಡರ್ ಮನೆಯವರಂತೆ ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿರಬಾರದೆ? ಆ ಮನೆಯ ರಾಜನೊಬ್ಬ ಆರು ಮದುವೆಯಾಗಿ ಇಬ್ಬರು ಹೆಂಡಿರ ತಲೆ ತೆಗೆಸಿದ್ದನ್ನೂ ಹೇಳಿಬಿಟ್ಟೆ.

"ಇದ್ಕೇ ಮತ್ತೆ ನಾನು ಮನೆ ಕೇಳೋದು! ಹೆಣ್ಣು ಕೊಡೋ ಮೊದ್ಲು ಒಂದ್ಮಾತು ವಿಚಾರ್ಸದು ಬೇಡ್ವಾ?"

ಅತ್ತೆಯ ದೊಡ್ಡ ದನಿ ಕೇಳಿ ಕಾವಲಿನವನು ಓಡಿ ಬಂದ.

ಮುಂದಿನ ಕೋಣೆಯಲ್ಲಿ ಹಳ್ಳಿಯ ಅಡುಗೆಮನೆಯೊಂದು ಒಲೆ, ಸೌಟು, ಮಸಿ ಹಿಡಿದ ತೊಲೆಗಳ ಸಮೇತ ಇಡಿಯಾಗಿ ನಿಂತಿತ್ತು. ಚೀಟಿ ಓದಿದವಳೇ ಅತ್ತೆಯನ್ನು ಮುಂದಕ್ಕೆ ಕರೆದೆ. ಅತ್ತೆ ಬಿಡಬೇಕಲ್ಲ! ಕೊನೆಗೆ ಹೇಳಿದೆ. ಅಣೆಕಟ್ಟು ಕಟ್ಟಿದಾಗ ಆ ಊರು ಮುಳುಗಿತಂತೆ. ನೀರು ಬರುವ ಮೊದಲೇ ಈ ಅಡುಗೆಮನೆಯನ್ನು ಬಿಚ್ಚಿ ತಂದು ಇಲ್ಲಿ ಕಟ್ಟಿದರಂತೆ. ಕೆಳಗೆ ಆ ಮನೆಯ ಹೆಸರೂ ಊರಿನ ಹೆಸರೂ ಇದ್ದವು.

ಅತ್ತೆ ಆ ಒಲೆಯ ಮುಂದಿನಿಂದ ಕದಲಲಿಲ್ಲ. ಕರೆದುಕೊಂಡು ಬಂದದ್ದೇ ತಪ್ಪಾಯಿತೆಂದು ನನಗೆ ಸಂಕಟವಾಯಿತು.

ಹೊರಬಾಗಿಲಲ್ಲಿ, ನೋಡಲು ಬಂದವರು ಹೆಸರು ವಿಳಾಸ ಬರೆಯುವ ದಪ್ಪ ಪುಸ್ತಕವಿತ್ತು. ಅತ್ತೆಯ ಹೆಸರು ಬರೆದು, ಮುಂದೆ ನಮ್ಮ ಬಾಡಿಗೆ ಮನೆಯ ವಿಳಾಸ ಬರೆಯಹೊರಟೆ. ಅವರು ನನ್ನ ಕೈ ಹಿಡಿದರು.

"ಅದಲ್ಲ. ಹೊಳೆಬೈಲು ಮನೆ, ಹೊಸನಗರ ತಾಲೂಕು ಅಂತ ಬರಿ."

"ಅತ್ತೆ, ಅಲ್ಲೀಗ ನೀರು..."

"ಗೊತ್ತು ಮಾರಾಯ್ತಿ. ಇವ್ರು ಹಳೇದ್ನೆಲ್ಲ ಜೋಪಾನ ಮಾಡ್ತಾರಲ್ಲ, ಇದ್ನೂ ಇಟ್ಕಳ್ಲಿ."

ಕಣ್ಣು ಒರೆಸಿಕೊಂಡು ಬರೆದೆ. ಕನ್ನಡದಲ್ಲೇ, ದೊಡ್ಡ ಅಕ್ಷರದಲ್ಲಿ.