ರೂಲ್ಸಕ್ಕ ಫೈನಲ್ಲಿಗೆ ಹೋದದ್ದು

ಇಡೀ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಮರದ ಕುರಿ. ಗಾತ್ರದಲ್ಲಿ ಹೆಬ್ಬೆರಳಿನ ಉಗುರಿನಷ್ಟು. ಶನಿವಾರ ಸಂಜೆ ಊಟದ ಮೇಜಿನ ಮೇಲೆ ಆಟ ಹರಡಿಕೊಂಡು ನಾಲ್ವರು ಕೂತಿದ್ದರು. ಮೈದುನ ಆ ಕುರಿಯನ್ನು ಬೇಲಿ ದಾಟಿಸಿ ಹುಲ್ಲುಗಾವಲಿನಲ್ಲಿಟ್ಟು, "ಗೆದ್ದೆ!" ಎಂದು ಎರಡೂ ಕೈ ಮೇಲೆತ್ತಿದ. ಎತ್ತಿದ ಕೈ ಕೆಳಗಿಳಿಯುವ ಮೊದಲೇ ಅತ್ತಿಗೆಯ ದನಿ ಕೇಳಿಸಿತು.

"ಗೇಟು ತೆಗೆದಿಲ್ಲ."

"ಯಾವ ಗೇಟು ಅತ್ತಿಗೆ?"

"ಪುಟ ಎಂಟು, ಎರಡನೇ ಪ್ಯಾರಾ. ಕುರಿ ದಾಟಬೇಕಾದ್ರೆ ಮೊದಲು ಗೇಟಿನ ಚೀಟಿ ಕೆಳಗಿಡಬೇಕು. ನೀನು ಇಟ್ಟಿಲ್ಲ. ಕುರಿ ವಾಪಸ್."

ಮೈದುನ ದಂತವೈದ್ಯ. ಇಡೀ ದಿನ ಬೇರೆಯವರ ಬಾಯಿ ತೆರೆಸುವುದೇ ಅವನ ಕಸುಬು. ಅವತ್ತು ಮಾತ್ರ ತನ್ನ ಬಾಯಿ ತೆರೆದ. "ಇನ್ನು ಈ ಮನೇಲಿ ನಾನು ಆಟಕ್ಕೆ ಕೂತರೆ ಕೇಳಿ!" ಎಂದವನೇ ಚಪ್ಪಲಿ ಮೆಟ್ಟಿದ. ಮಹಡಿ ಮನೆಯ ನಿವೃತ್ತ ಸ್ಟೇಷನ್ ಮಾಸ್ಟರೂ ಎದ್ದರು. "ನಾನೂ ಅಷ್ಟೇ ಕಣಮ್ಮ. ಮೂವತ್ತೈದು ವರ್ಷ ರೂಲ್ಸ್ ಪ್ರಕಾರ ಬಾವುಟ ತೋರಿಸಿ ಸಾಕಾಗಿದೆ. ರಿಟೈರ್ ಆದ್ಮೇಲಾದ್ರೂ ಒಂದು ಕುರಿ ಅದರ ಪಾಡಿಗೆ ದಾಟಲಿ ಬಿಡಿ." ಅತ್ತಿಗೆಯ ಗಂಡ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು, ಜಗಳವೆಂದರೆ ಆಗದ ಜೀವ. ಆತ ಕುರಿಗಳನ್ನೆಲ್ಲ ಹೆಕ್ಕಿ ಡಬ್ಬಕ್ಕೆ ಹಾಕಿದ.

ಅತ್ತಿಗೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಆಕೆ ಬಾಗಿಲಲ್ಲಿ ಕಾಣಿಸಿಕೊಂಡರೆ ಅಂಗಡಿಯ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತವೆ ಎಂದು ಆಫೀಸಿನಲ್ಲಿ ಮಾತಿತ್ತು. ಹೊಸ ಆಟ ಮನೆಗೆ ಬಂದರೆ ಬೇರೆಯವರು ಹಲಗೆ, ಗೊಂಬೆ, ಬಣ್ಣದ ಚೀಟಿ ನೋಡಿ ಹಿಗ್ಗುತ್ತಿದ್ದರು. ಆಕೆ ನಿಯಮದ ಪುಸ್ತಕ ಎತ್ತಿಕೊಂಡು ಕಿಟಕಿ ಪಕ್ಕ ಕೂತು, ಹೊಸ ಮದುಮಗಳು ತವರಿನ ಕಾಗದ ಓದುವ ಹಾಗೆ ಓದುತ್ತಿದ್ದಳು. ಹಾಗಾಗಿ ಬೀದಿಯವರೆಲ್ಲ ಆಕೆಯನ್ನು ರೂಲ್ಸಕ್ಕ ಎನ್ನುತ್ತಿದ್ದರು. ಆಕೆಗೂ ಗೊತ್ತಿತ್ತು. ಬೇಸರವೇನೂ ಇರಲಿಲ್ಲ.

ಬೇಸರವಾದದ್ದು ಆಮೇಲಿನ ಮೂರು ಶನಿವಾರ. ಯಾರೂ ಬರಲಿಲ್ಲ. ರೂಲ್ಸಕ್ಕ ಒಬ್ಬಳೇ ನಾಲ್ಕು ಕುರ್ಚಿ ಬದಲಿಸುತ್ತ ನಾಲ್ವರ ಆಟ ಆಡಿದಳು. ಮೂರನೇ ಕುರ್ಚಿಯಲ್ಲಿದ್ದಾಗ ಎರಡನೇ ಕುರ್ಚಿಯ ತಪ್ಪು ಹಿಡಿದು, ತನಗೆ ತಾನೇ ಎಚ್ಚರಿಕೆಯನ್ನೂ ಕೊಟ್ಟಳು. ಬಾಗಿಲ ಸಂದಿಯಿಂದ ಅದನ್ನು ಕಂಡ ಗಂಡನ ಕರುಳು ಚುರ್ ಎಂದಿತು.

ನಾಲ್ಕನೇ ವಾರ, ಭಾನುವಾರ, ಊರಾಚೆಯ ಪ್ರದರ್ಶನ ಭವನದಲ್ಲಿ ಆಟಗಾರರ ದೊಡ್ಡ ಸಮಾವೇಶವಿತ್ತು. ಗಂಡಸರು ಮೂವರೂ ಬೆಳಗ್ಗೆಯೇ ಹೊರಟು ಮೆಟ್ಟಿಲ ಬಳಿ ನಿಂತಿದ್ದರು. ರೂಲ್ಸಕ್ಕನೂ ಕೈಚೀಲ ಹಿಡಿದು ಬಂದು ನಿಂತಳು.

"ಕರ್ಕೊಂಡು ಹೋಗೋಣ ಕಣೋ," ಎಂದ ಗಂಡ, ತಮ್ಮನ ಕಿವಿಯಲ್ಲಿ.

"ಸರಿ. ಆದ್ರೆ ಒಂದು ಷರತ್ತು," ಮೈದುನ ಗಟ್ಟಿಯಾಗಿಯೇ ಹೇಳಿದ. "ಅಲ್ಲಿ ಯಾರ ಆಟದಲ್ಲೂ ನೀವು ರೂಲ್ಸ್ ಅಂತ ಬಾಯಿ ಬಿಡಬಾರದು ಅತ್ತಿಗೆ. ಬರೆದುಕೊಡಿ."

ಆಕೆ ಚೀಲದಿಂದ ಕಾಗದ ತೆಗೆದು, ಗೋಡೆಗೆ ಒತ್ತಿಟ್ಟು, ತಾರೀಖು ಸಮಯ ಸಮೇತ ಬರೆದು ಸಹಿ ಹಾಕಿ ಕೊಟ್ಟಳು. "ಸಾಕ್ಷಿ ಸಹಿ ಬೇಕು. ಇಲ್ಲದಿದ್ರೆ ಇದು ಊರ್ಜಿತ ಆಗಲ್ಲ," ಎಂದಳು. ಸ್ಟೇಷನ್ ಮಾಸ್ಟರು ನಿಟ್ಟುಸಿರುಬಿಟ್ಟು ಸಾಕ್ಷಿ ಹಾಕಿದರು.

ಭವನದೊಳಗೆ ಕಾಲಿಟ್ಟರೆ ಕಣ್ಣು ಸಾಲದು. ಇನ್ನೂರು ಮೇಜು, ಒಂದೊಂದರ ಸುತ್ತ ನಾಲ್ಕಾರು ತಲೆ, ಎಲ್ಲೆಲ್ಲೂ ದಾಳ ಉರುಳುವ ಸದ್ದು. ತಗಡಿನ ಮಾಡಿನ ಮೇಲೆ ಯಾರೋ ಬಟಾಣಿ ಚೆಲ್ಲುತ್ತಿದ್ದಾರೇನೋ ಎನ್ನಿಸುವಂತಿತ್ತು. ಗೋಡೆಯುದ್ದಕ್ಕೂ ಹೊಸ ಆಟ ಮಾರುವ ಮಳಿಗೆಗಳು. ಒಂದು ಹೊಸ ಆಟ ಆರಿಸೋಣವೆಂದು ಗಂಡ ಆಕೆಯನ್ನು ಮೊದಲ ಮಳಿಗೆಗೆ ಕರೆದೊಯ್ದ. ಚಿತ್ರ ಚೆನ್ನಾಗಿದೆ ಎಂದು ಒಂದು ಡಬ್ಬ ಹಿಡಿದ.

"ಬನ್ನಿ ಮೇಡಂ, ಇದು ಈ ವರ್ಷದ ಸೂಪರ್ ಆಟ," ಎಂದ ಅಂಗಡಿಯವನು.

ರೂಲ್ಸಕ್ಕ ನಿಯಮದ ಮಾತೆತ್ತಲಿಲ್ಲ. ಡಬ್ಬದ ಬದಿಯಲ್ಲಿ "ಮರದ ದೋಣಿಗಳು: 48" ಎಂದಿತ್ತು. ಮಾದರಿಗೆಂದು ತೆರೆದಿಟ್ಟ ಡಬ್ಬದಲ್ಲಿದ್ದ ದೋಣಿಗಳನ್ನು ಸುಮ್ಮನೆ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

"ನಲವತ್ತೇಳು."

"ಒಂದು ಎಲ್ಲೋ ಬಿದ್ದಿರಬೇಕು ಮೇಡಂ..."

"ಪೊಟ್ಟಣದ ಮೇಲೆ ಬರೆದಿದ್ದಕ್ಕೂ ಒಳಗಿರೋದಕ್ಕೂ ವ್ಯತ್ಯಾಸ. ಇದು ಆಟದ ರೂಲ್ಸಲ್ಲ, ಇಲಾಖೆ ವಿಷಯ," ಎಂದು ಗುರುತಿನ ಚೀಟಿ ತೆಗೆದಳು.

ಅಂಗಡಿಯವನು ಮೇಜಿನ ಕೆಳಗೆ ತೂರಿದ. ಕಾಲು ಗಂಟೆ ನೆಲ ತಡಕಿ, ತಲೆಗೂದಲಿಗೆಲ್ಲ ಧೂಳು ಮೆತ್ತಿಕೊಂಡು, ನಲವತ್ತೆಂಟನೇ ದೋಣಿಯನ್ನು ಹಿಡಿದು ಎದ್ದ. ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ರೂಲ್ಸಕ್ಕ ಮುಂದಿನ ಮಳಿಗೆಯತ್ತ ತಿರುಗಿದ್ದೇ ತಡ, ಅಲ್ಲಿಯವರು ಡಬ್ಬಗಳ ಮೇಲೆ ಬಟ್ಟೆ ಹೊದಿಸಿ ಊಟಕ್ಕೆ ಹೊರಟರು. ಗಡಿಯಾರದಲ್ಲಿ ಇನ್ನೂ ಹತ್ತೂವರೆ.

"ಮಳಿಗೆ ಸಹವಾಸ ಬೇಡ. ಎಲ್ಲಾದ್ರೂ ಆಟಕ್ಕೆ ಕೂರಿಸಿಬಿಡೋಣ," ಎಂದರು ಸ್ಟೇಷನ್ ಮಾಸ್ಟರು.

ನಾಲ್ವರು ಕಾಲೇಜು ಹುಡುಗಿಯರ ಮೇಜಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು. "ಬನ್ನಿ ಆಂಟಿ" ಎಂದು ಪ್ರೀತಿಯಿಂದಲೇ ಕರೆದರು. ರೂಲ್ಸಕ್ಕ ಕೂತಳು. ಮೊದಲ ಸುತ್ತಿನಲ್ಲೇ ಒಬ್ಬಳು ಎರಡು ಚೀಟಿ ತೆಗೆಯಬೇಕಾದಲ್ಲಿ ಮೂರು ತೆಗೆದಳು. ರೂಲ್ಸಕ್ಕನ ಗಂಟಲಲ್ಲಿ ಮಾತು ಹಾಲುಕ್ಕಿದಂತೆ ಉಕ್ಕಿತು. ಬರೆದುಕೊಟ್ಟಿದ್ದು ನೆನಪಾಗಿ ಬಾಯಿ ಬಿಗಿಹಿಡಿದಳು. ಉಕ್ಕಿದ್ದು ಕೆಮ್ಮಾಗಿ ಹೊರಬಂತು.

"ನೀರು ಬೇಕಾ ಆಂಟಿ?"

ಬೇಡವೆಂದು ತಲೆಯಾಡಿಸಿದಳು. ಇನ್ನೊಬ್ಬಳು ಸರದಿ ತಪ್ಪಿಸಿದಳು. ಕೆಮ್ಮು. ಮತ್ತೊಬ್ಬಳು ಅಂಕ ಹೆಚ್ಚು ಹಾಕಿಕೊಂಡಳು. ದೊಡ್ಡ ಕೆಮ್ಮು. ಹುಡುಗಿಯರು ಚುರುಕು. ಐದೇ ನಿಮಿಷದಲ್ಲಿ ಅವರಿಗೆ ಕೆಮ್ಮಿನ ಭಾಷೆ ಅರ್ಥವಾಗಿ ಹೋಯಿತು. ಚೀಟಿ ಮುಟ್ಟುವ ಮೊದಲು ಆಕೆಯ ಮುಖ ನೋಡುವುದು, ಕೆಮ್ಮು ಬಂದರೆ ಕೈ ಹಿಂದೆಳೆಯುವುದು. ಕೊನೆಗೆ ಸೋಲುತ್ತಿದ್ದವಳು ಅಳುವಷ್ಟಾಗಿ, "ಆಂಟಿ ಬರೀ ನನಗೇ ಕೆಮ್ತಾರೆ!" ಎಂದು ಸ್ವಯಂಸೇವಕನನ್ನು ಕರೆದಳು.

ಸ್ವಯಂಸೇವಕ ಆಕೆಯನ್ನು ನಯವಾಗಿ ಎಬ್ಬಿಸಿ ಗಂಡನ ಬಳಿಗೆ ಕರೆತಂದ. ಮುಂದಿನ ಎರಡು ಮೇಜಿನಲ್ಲೂ ಅದೇ ಕತೆ. ನಾಲ್ಕನೇ ಮೇಜಿನವರು ದೂರದಿಂದಲೇ ಕೆಮ್ಮು ಕೇಳಿ, "ಇಲ್ಲಿ ಜಾಗ ಇಲ್ಲ" ಎಂದು ಖಾಲಿ ಕುರ್ಚಿಯ ಮೇಲೆ ಚೀಲಗಳನ್ನಿಟ್ಟರು.

ರೂಲ್ಸಕ್ಕ ಕಂಬಕ್ಕೊರಗಿ ನಿಂತಳು. ಕಣ್ಣು ತುಂಬಿತ್ತು. "ನಡೀರಿ, ಮನೆಗೆ ಹೋಗೋಣ," ಎಂದಳು ಮೆಲ್ಲಗೆ.

ಆಗ ಆ ಸ್ವಯಂಸೇವಕನಿಗೇ ಕನಿಕರ ಬಂತು. "ಅಮ್ಮಾ, ನೀವು ಪಂದ್ಯಾವಳಿಗೆ ಸೇರ್ಕೊಳಿ. ಅಲ್ಲಿ ಪ್ರತಿ ಮೇಜಿಗೂ ಒಬ್ಬ ತೀರ್ಪುಗಾರ ಇರ್ತಾರೆ. ತಪ್ಪು ಹಿಡಿಯೋದು ಅವರ ಕೆಲಸ. ನೀವು ಕೆಮ್ಮೋದೇ ಬೇಡ."

ಪ್ರತಿ ಮೇಜಿಗೂ ಒಬ್ಬ ತೀರ್ಪುಗಾರ! ರೂಲ್ಸಕ್ಕನಿಗೆ ಸ್ವರ್ಗದ ವಿಳಾಸ ಸಿಕ್ಕಂತಾಯಿತು.

ಪಂದ್ಯಾವಳಿಯ ಆಟದ ಹೆಸರು 'ದೀಪದ ಬಂದರು.' ಒಬ್ಬೊಬ್ಬ ಆಟಗಾರನಿಗೂ ಒಂದು ದೀಪಸ್ತಂಭ, ಕೆಲವು ಹಡಗು. ದೀಪ ಉರಿಯುತ್ತಿದ್ದರೆ ಹಡಗನ್ನು ಒಳಗೆ ತರಬಹುದು, ಆರಿದ್ದರೆ ಇಲ್ಲ. ಹೆಚ್ಚು ಹಡಗು ತಂದವರು ಗೆದ್ದಂತೆ. ರೂಲ್ಸಕ್ಕ ಪುಸ್ತಕ ಇಸಕೊಂಡು ಇಪ್ಪತ್ತು ಪುಟವನ್ನೂ ಮುಖಪುಟದಿಂದ ಮುದ್ರಕರ ವಿಳಾಸದವರೆಗೆ ಓದಿ ಕೂತಳು.

ಮೊದಲ ಸುತ್ತು ಗೆದ್ದಳು. ಎರಡನೆಯದನ್ನೂ ಗೆದ್ದಳು. ಬೇರೆಯವರ ತಪ್ಪಿನ ಚಿಂತೆಯಿಲ್ಲದೆ, ಜೀವನದಲ್ಲಿ ಮೊದಲ ಸಲ, ಆಕೆ ಬರೀ ತನ್ನ ಆಟ ಆಡಿದ್ದಳು. ಮೈದುನ ಬಾಯಿ ಕಳೆದು ನಿಂತಿದ್ದ. "ಅಣ್ಣಾ, ಅತ್ತಿಗೆ ಇಷ್ಟು ಚೆನ್ನಾಗಿ ಆಡ್ತಾರಾ?"

"ನಮಗ್ಯಾವತ್ತು ಗೊತ್ತಾಗಬೇಕು ಹೇಳು? ಪೂರ್ತಿ ಆಟ ಮುಗಿದಿದ್ದೇ ಇಲ್ವಲ್ಲ," ಎಂದ ಅಣ್ಣ.

ಫೈನಲ್ಲಿಗೆ ನಾಲ್ವರು. ಸಮಯವಾದರೂ ಅವರಲ್ಲೊಬ್ಬನಾದ ಬಸ್ ಕಂಡಕ್ಟರ್ ಬರಲಿಲ್ಲ, ಚಹಾದ ಸಾಲಿನಲ್ಲಿ ಸಿಕ್ಕಿಕೊಂಡಿದ್ದ. ಕಾದು ಕಾದು ಸಂಘಟಕರು, ಪಕ್ಕದಲ್ಲೇ ಕೈಕಟ್ಟಿ ನೋಡುತ್ತಿದ್ದ ಉಣ್ಣೆ ಟೋಪಿಯ ಮುದುಕರೊಬ್ಬರನ್ನು ನಮಸ್ಕರಿಸಿ ಕರೆತಂದು ಆ ಕುರ್ಚಿಯಲ್ಲಿ ಕೂರಿಸಿದರು.

ಮುದುಕರ ಆಟ ಬೆಣ್ಣೆಯಲ್ಲಿ ಚಾಕು ಆಡಿದಂತೆ. ಆದರೂ ರೂಲ್ಸಕ್ಕ ಬಿಡಲಿಲ್ಲ. ಕೊನೆಯ ಸುತ್ತಿಗೆ ಬಂದಾಗ ಆಕೆಯದು ಒಂಬತ್ತು ಹಡಗು, ಅವರದು ಏಳು. ಇನ್ನೂರು ಮೇಜಿನ ಜನವೂ ಸುತ್ತ ನೆರೆದಿದ್ದರು. ಮುದುಕರು ನಸುನಕ್ಕು, ಆರಿದ್ದ ತಮ್ಮ ದೀಪ ಹಚ್ಚಿದರು. ಹಚ್ಚಿ, ಅದೇ ಕೈಯಲ್ಲಿ ಮೂರು ಹಡಗುಗಳನ್ನು ಬಂದರಿಗೆ ತಂದರು. ಹತ್ತು. ಜನ ಹೋ ಎಂದರು.

ರೂಲ್ಸಕ್ಕ ತೀರ್ಪುಗಾರನ ಮುಖ ನೋಡಿದಳು. ಆತ ಚಪ್ಪಾಳೆ ತಟ್ಟುತ್ತಿದ್ದ. ಆಕೆ ಕೆಮ್ಮಿದಳು. ಆತ ನೀರಿನ ಬಾಟಲಿ ಸರಿಸಿದ. ಮತ್ತೆ ಕೆಮ್ಮಿದಳು. ಗುಂಪಿನಲ್ಲಿದ್ದ ಗಂಡ ಕಣ್ಣು ಮುಚ್ಚಿಕೊಂಡ. ಆದರೆ ಕೆಮ್ಮಿಗೂ ಒಂದು ಮಿತಿಯಿದೆ, ಬರೆದುಕೊಟ್ಟ ಕಾಗದಕ್ಕೂ.

"ಆ ಮೂರು ಹಡಗು ವಾಪಸ್ ಹೋಗಬೇಕು!"

ತೀರ್ಪುಗಾರ ಬಗ್ಗಿ ಪಿಸುಗುಟ್ಟಿದ. "ಮೇಡಂ, ದಯವಿಟ್ಟು... ಈ ಆಟ ಮಾಡಿದವರೇ ಇವರು. ಇವರು ಹೇಗೆ ಆಡಿದ್ರೆ ಅದೇ ರೂಲ್ಸು."

ಮುದುಕರು ಟೋಪಿ ಸರಿಮಾಡಿಕೊಂಡರು. "ಹೌದಮ್ಮ. ಆರು ವರ್ಷ ಕಷ್ಟಪಟ್ಟು ಮಾಡಿದೀನಿ ಇದನ್ನ."

"ಮಾಡಿದೀರಿ ಸಾರ್. ಓದಿಲ್ಲ. ಪುಟ ಹದಿನಾಲ್ಕು, ಕೆಳಗಡೆ ಸಣ್ಣ ಅಕ್ಷರ. ದೀಪ ಹಚ್ಚಿದ ಸರದಿಯಲ್ಲೇ ಹಡಗು ತರೋ ಹಾಗಿಲ್ಲ."

ಪುಸ್ತಕ ಬಂತು, ಕನ್ನಡಕ ಬಂತು. ಮುದುಕರು ಹದಿನಾಲ್ಕನೇ ಪುಟವನ್ನು ಮೂಗಿನ ತುದಿಗೆ ಹಿಡಿದು ಓದಿದರು. ಓದಿ, ಮೊದಲು ಕೆಂಪಾದರು, ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಗತೊಡಗಿದರು. "ನಾನೇ ಬರೆದಿದ್ದು! ನಾನೇ ಮರೆತಿದ್ದು!" ಎಂದು ತಮ್ಮ ಕೈಯಾರೆ ಮೂರೂ ಹಡಗುಗಳನ್ನು ಸಮುದ್ರಕ್ಕೆ ಅಟ್ಟಿದರು.

ಒಂಬತ್ತು, ಏಳು. ರೂಲ್ಸಕ್ಕ ಗೆದ್ದಿದ್ದಳು!

ಆಮೇಲಿನದು ಆಕೆಗೆ ಸರಿಯಾಗಿ ನೆನಪೇ ಇಲ್ಲ. ಬೆಳಗ್ಗೆ ಅಳುವಂತಾಗಿದ್ದ ಕಾಲೇಜು ಹುಡುಗಿ ಬಂದು ತಬ್ಬಿಕೊಂಡಳು. ಸ್ಟೇಷನ್ ಮಾಸ್ಟರು ಕರವಸ್ತ್ರವನ್ನೇ ಹಸಿರು ಬಾವುಟದಂತೆ ಬೀಸಿದರು. ಮೈದುನ ಸಿಕ್ಕ ಸಿಕ್ಕವರಿಗೆಲ್ಲ "ನಮ್ಮತ್ತಿಗೆ! ನಮ್ಮತ್ತಿಗೆ!" ಎನ್ನುತ್ತಿದ್ದ. ಮುದುಕರೇ ವೇದಿಕೆಯ ಮೇಲೆ ಹಿತ್ತಾಳೆಯ ಹಡಗಿನ ಪಾರಿತೋಷಕವನ್ನು ಆಕೆಯ ಕೈಗಿತ್ತರು. ಅದರ ಜೊತೆ ಸಮಾವೇಶದ ಒಂದು ಕಿರುಪುಸ್ತಕವೂ ಇತ್ತು.

ಫೋಟೋದವನು ಕ್ಯಾಮೆರಾ ಸರಿಪಡಿಸಲು ಎರಡು ನಿಮಿಷ ತೆಗೆದುಕೊಂಡ. ಬೇರೆ ಯಾರೇ ಆಗಿದ್ದರೂ ಆ ಎರಡು ನಿಮಿಷ ಹಡಗನ್ನು ನೋಡುತ್ತಿದ್ದರು. ರೂಲ್ಸಕ್ಕ ಕಿರುಪುಸ್ತಕ ಬಿಡಿಸಿ ಓದತೊಡಗಿದಳು.

ಕೆಳಗಿದ್ದ ಗಂಡನಿಗೆ ಆ ಮುಖದ ಬಣ್ಣ ಬದಲಾದದ್ದು ಕಂಡಿತು. ವೇದಿಕೆಯ ಅಂಚಿಗೆ ಓಡಿ ಬಂದ.

"ಏನೇ ಅದು?"

"ರೀ, ಪಂದ್ಯಾವಳಿ ನಿಯಮ, ಕಲಂ ಹನ್ನೊಂದು. ಆಟ ರಚಿಸಿದವರು ಅದೇ ಆಟದ ಪಂದ್ಯದಲ್ಲಿ ಕೂತರೆ ಆ ಪಂದ್ಯ ರದ್ದು."

"ಮುಚ್ಚೇ ಅದನ್ನ! ಇಡೀ ಭವನದಲ್ಲಿ ಅದನ್ನ ಓದಿರೋಳು ನೀನೊಬ್ಬಳೇ!"

"ನಾನು ಓದಿದೀನಲ್ಲ."

"ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ," ಮೈದುನ ನಿಜವಾಗಿಯೂ ಬಗ್ಗಿದ. "ಬೇಕಾದ್ರೆ ಕೆಮ್ಮಿಬಿಡಿ. ಬಾಯಿ ಮಾತ್ರ ಬಿಡಬೇಡಿ!"

ರೂಲ್ಸಕ್ಕ ಪಾರಿತೋಷಕವನ್ನೊಮ್ಮೆ ನೋಡಿದಳು. ಹಿತ್ತಾಳೆಯ ಹಾಯಿ ಥಳಥಳ ಹೊಳೆಯುತ್ತಿತ್ತು. ಅದನ್ನು ಮೇಜಿನ ಮೇಲಿಟ್ಟು ಮೈಕಿನ ಮುಂದೆ ಹೋಗಿ ಕಲಂ ಹನ್ನೊಂದನ್ನು ಅಲ್ಪವಿರಾಮ ಸಮೇತ ಓದಿದಳು. "ಆದ್ದರಿಂದ ನಾನು ಗೆದ್ದಿಲ್ಲ," ಎಂದು ಮುಗಿಸಿದಳು.

ಮೊದಲು ಟೋಪಿಯ ಮುದುಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೋಡನೋಡುತ್ತ ಇನ್ನೂರು ಮೇಜಿನ ಜನವೆಲ್ಲ ಎದ್ದರು. ಗೆದ್ದಾಗ ಬಿದ್ದ ಚಪ್ಪಾಳೆ ಇದರ ಮುಂದೆ ಏನೇನೂ ಅಲ್ಲ.

ಚಪ್ಪಾಳೆ ಮುಗಿದ ಮೇಲೆ, ನಿಯಮದಂತೆ, ಫೈನಲ್ ಮತ್ತೆ ಮೊದಲಿನಿಂದ ಶುರುವಾಯಿತು. ಅಷ್ಟರಲ್ಲಿ ಬಸ್ ಕಂಡಕ್ಟರೂ ಚಹಾ ಕುಡಿದು ಬಂದಿದ್ದ. ಆತನೇ ಗೆದ್ದು ಹಿತ್ತಾಳೆ ಹಡಗನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ರೂಲ್ಸಕ್ಕ ನಾಲ್ಕನೆಯವಳಾದಳು.

ಸಂಜೆ ಬಿಸಿಲಲ್ಲಿ ನಾಲ್ವರೂ ಬಸ್ ನಿಲ್ದಾಣಕ್ಕೆ ಹೊರಟರು. ದಾರಿಯಲ್ಲಿ ಎದುರಾದ ಆಟಗಾರರೆಲ್ಲ ಆಕೆಗೆ ನಮಸ್ಕಾರ ಹೇಳಿ ಹೋಗುತ್ತಿದ್ದರು. ಬನ್ನಿ ಆಡೋಣ ಎಂದು ಮಾತ್ರ ಒಬ್ಬರೂ ಅನ್ನಲಿಲ್ಲ.

"ಮುಂದಿನ ಶನಿವಾರ..." ಎಂದು ರೂಲ್ಸಕ್ಕ ಮೈದುನನ ಕಡೆ ತಿರುಗಿದಳು.

"ಕ್ಲಿನಿಕ್ಕಲ್ಲಿ ತುಂಬಾ ಜನ ಅತ್ತಿಗೆ," ಎಂದು ಮೈದುನ ಹೆಜ್ಜೆ ಬಿರುಸು ಮಾಡಿದ. ಸ್ಟೇಷನ್ ಮಾಸ್ಟರು ಅವನನ್ನೂ ಹಿಂದೆ ಹಾಕಿದರು.

ಗಂಡ ಮಾತ್ರ ಪಕ್ಕದಲ್ಲೇ ನಡೆಯುತ್ತಿದ್ದ. ಸಮಾಧಾನ ಹೇಳಬೇಕೆಂದು ಬಹಳ ಹೊತ್ತು ಯೋಚಿಸಿ, ಮೆಲ್ಲಗೆ ಕೇಳಿದ. "ಕೈಗೆ ಬಂದಿದ್ದು ಹೋಯ್ತಲ್ಲೇ. ಕಡೆಗೆ ಸೋತೇಬಿಟ್ಟೆ. ಬೇಜಾರಾ?"

ರೂಲ್ಸಕ್ಕ ನಿಂತಳು. ರಾಜ್ಯ ಗೆದ್ದು ಬಂದವಳಂತೆ ಕತ್ತೆತ್ತಿ, ಕೈಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಬದಲಿಸಿದಳು.

"ಬೇಜಾರ್ಯಾಕೆ? ಸೋತೆ ರೀ, ಇಲ್ಲ ಅನ್ನಲ್ಲ. ಆದ್ರೆ ನೋಡಿದ್ರಾ, ಎಷ್ಟು ಕ್ರಮಬದ್ಧವಾಗಿ ಸೋತೆ!"