ನೂರಾ ಎಪ್ಪತ್ತೇಳು ದೊಡ್ಡದೋ, ಇಪ್ಪತ್ತೆರಡು ದೊಡ್ಡದೋ?

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವನು ನಾನು. ಬೋರ್ಡಿನ ಮೇಲೆ ಒಂದು ದಿನವೂ ತಪ್ಪಿದವನಲ್ಲ. ಬೋರ್ಡು ಬಿಟ್ಟು ಈಚೆ ಬಂದು ಅಂಗಡಿ ಮೆಟ್ಟಿಲು ಹತ್ತಿದೆನೋ, ಏನಾದರೊಂದು ಆಗೇ ಆಗುತ್ತೆ. ಒಂದು ಸಲ ಆದರೆ ಗ್ರಹಚಾರ ಅನ್ನಬಹುದು. ನನಗೆ ಎಪ್ಪತ್ತರ ದಶಕದಲ್ಲಿ ಹಿಡಿದದ್ದು ಎಂಬತ್ತರ ದಶಕದಲ್ಲೂ ಬಿಡಲಿಲ್ಲ. ಎಲ್ಲಕ್ಕೂ ಮೂಲ ನಮ್ಮ ಮಾವನವರ ಏರ್‌ಗನ್ನು.

ಗಟ್ಟಿ ನೊಣ

ಆಗ ನಾನು ಜಗಳೂರಿನಲ್ಲಿದ್ದೆ. ಮದುವೆಯಾಗಿ ಆರು ತಿಂಗಳು. ಮಾವನ ಮನೆ ನ್ಯಾಮತಿ. ಮಾವನವರು ಫಾರೆಸ್ಟ್ ಗಾರ್ಡ್ ಆಗಿ ರಿಟೈರ್ ಆದವರು. ಅತ್ತೆ ಮಾಳಿಗೆ ಮೇಲೆ ಸಂಡಿಗೆ ಒಣಹಾಕಿದರೆ ಸಾಕು, ಕೋತಿಗಳ ದಂಡೇ ಇಳಿಯುತ್ತಿತ್ತು. ಆಂಜನೇಯನ ಕಡೆಯವರು, ಹೊಡೆಯೋ ಹಾಗಿಲ್ಲ. ಅದಕ್ಕೆ ಮಾವ ಹಿತ್ತಲಿನ ಪೇರಲ ಮರಕ್ಕೆ ಖಾಲಿ ಸೀಮೆಎಣ್ಣೆ ಡಬ್ಬ ನೇತುಹಾಕಿ, ಏರ್‌ಗನ್ನಿನಿಂದ ಆ ಡಬ್ಬಕ್ಕೆ ಹೊಡೆಯೋರು. ಡಬ್ಬ ಢಣ್ ಅಂದರೆ ಕೋತಿಗಳು ಪರಾರಿ.

ದೀಪಾವಳಿಗೆ ಕರೆದು ಕಾಗದ ಬರೆದರು. "ಗನ್ನಿನ ಗುಂಡು ಮುಗಿದೈತೆ. ದಾವಣಗೆರೆ ಮೇಲೆ ಬರ್ತೀರಲ್ಲ, ಒಂದು ಡಬ್ಬಿ ತಗೊಂಡು ಬನ್ನಿ" ಅಂತ. ಹೊಸ ಅಳಿಯನಿಗೆ ಮಾವ ಒಪ್ಪಿಸಿದ ಮೊದಲನೇ ಕೆಲಸ. ಎದೆ ಉಬ್ಬಿಸಿಕೊಂಡು ಅಂಗಡಿಗೆ ಹೋದೆ.

"ನೂರಾ ಎಪ್ಪತ್ತೇಳೋ, ಇಪ್ಪತ್ತೆರಡೋ?" ಅಂದ ಅಂಗಡಿಯವನು.

"ಹಂಗಂದ್ರೆ?"

"ಗುಂಡಿನ ಸೈಜು ಸಾರ್. ಗನ್ ಯಾವುದು ನಿಮ್ದು?"

"ನಂದಲ್ಲ, ಮಾವನವರದು."

"ಅಲ್ಲ ಸಾರ್, ಗುಂಡು ದೊಡ್ಡದು ಬೇಕೋ ಸಣ್ಣದು ಬೇಕೋ?"

ಕಾಡಿನಲ್ಲಿ ಓಡಾಡಿದ ಮನುಷ್ಯ ಸಣ್ಣದು ಇಟ್ಟುಕೊಂಡಿರುತ್ತಾರಾ? "ದೊಡ್ಡದೇ ಕೊಡಿ" ಅಂದೆ. ಅವನು ಇಪ್ಪತ್ತೆರಡರ ಡಬ್ಬಿಗೆ ಕೈ ಹಾಕಿದ. ನನಗೆ ಸಿಟ್ಟು ಬಂತು. "ಏನ್ರೀ, ಯಾರಿಗೆ ಹೇಳ್ತಿದೀರಿ? ನಾನು ಲೆಕ್ಕದ ಮೇಷ್ಟ್ರು. ಇಪ್ಪತ್ತೆರಡು ದೊಡ್ಡದಾ, ನೂರಾ ಎಪ್ಪತ್ತೇಳು ದೊಡ್ಡದಾ?" ಅಂದೆ. ಅವನು ನನ್ನ ಮುಖ ನೋಡಿ, ನೂರಾ ಎಪ್ಪತ್ತೇಳರ ಡಬ್ಬಿ ಕಟ್ಟಿಕೊಟ್ಟ.

ಬಸ್ಸಿನಲ್ಲಿ ಕೂತು ಡಬ್ಬಿ ನೋಡಿದೆ. ಅಂಕಿಯ ಮುಂದೆ ಒಂದು ಸಣ್ಣ ಚುಕ್ಕಿ. ನೊಣ ಕೂತು ಗಲೀಜು ಮಾಡಿದೆ ಅಂತ ಹೆಬ್ಬೆರಳಿನಿಂದ ಉಜ್ಜಿದೆ, ಹೋಗಲಿಲ್ಲ. ಎಂಜಲು ಹಚ್ಚಿ ಉಜ್ಜಿದೆ, ಆಗಲೂ ಹೋಗಲಿಲ್ಲ. ಬಲು ಗಟ್ಟಿ ನೊಣ ಇರಬೇಕು ಅಂದುಕೊಂಡು ಜೇಬಿಗೆ ಹಾಕಿಕೊಂಡೆ.

ಸರ್ಕಾರದ ಸಂಬಳ

ಹಬ್ಬದ ಮಾರನೇ ಬೆಳಗ್ಗೆ ಮಾಳಿಗೆ ಮೇಲೆ ಸಂಡಿಗೆ, ಕಾಂಪೌಂಡ್ ಮೇಲೆ ಕೋತಿಗಳು. ಮಾವ ಗನ್ನು ನನ್ನ ಕೈಗೆ ಕೊಟ್ಟು, "ಇವತ್ತು ನೀವೇ ಹೊಡೀರಿ ಅಳಿಯಂದ್ರೆ" ಅಂದರು. ಅತ್ತೆ, ಹೆಂಡತಿ, ಇನ್ನೂ ಶಾಲೆಗೆ ಹೋಗುತ್ತಿದ್ದ ನಾದಿನಿ, ಪಕ್ಕದ ಮನೆಯವರು, ಎಲ್ಲಾ ನೋಡಾಕೆ ನಿಂತರು.

ಗನ್ನಿನ ನಳಿಗೆ ಬಗ್ಗಿಸಿ ಹಿಂದಿನಿಂದ ಗುಂಡು ಇಟ್ಟೆ. ಗುಂಡು ಒಳಗೆ ಹೋಯಿತು. ಹೋದದ್ದು ನಿಲ್ಲಲಿಲ್ಲ. ಮುಂದಿನ ತುದಿಯಿಂದ ಈಚೆ ಬಂದು ನನ್ನ ಕಾಲ ಹೆಬ್ಬೆರಳ ಮೇಲೆ ಟಪ್ ಅಂತ ಬಿತ್ತು. ಇನ್ನೊಂದು ಇಟ್ಟೆ, ಅದೂ ಹಂಗೇ ಬಿತ್ತು. ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು. ಮಾನ ಉಳಿಸಿಕೊಳ್ಳೋಣ ಅಂತ ಖಾಲಿ ಗನ್ನನ್ನೇ ಎತ್ತಿ ಕುದುರೆ ಎಳೆದೆ. ಪುಸ್ ಅಂತು. ದೊಡ್ಡ ಕೋತಿಯೊಂದು ಇಳಿದು ಬಂದು, ನನ್ನನ್ನೇ ನೋಡಿಕೊಂಡು ನಿಧಾನವಾಗಿ ಸಂಡಿಗೆ ತಿಂದಿತು.

ಮಾವ ಡಬ್ಬಿ ಇಸಿದುಕೊಂಡು ನೋಡಿದರು. "ನಮ್ದು ಇಪ್ಪತ್ತೆರಡು. ಇದು ಅದಕ್ಕಿಂತ ಸಣ್ಣದೈತಲ್ಲ!" ಅಂದರು. ಆಗ ನನಗೆ ನೊಣ ಅಲ್ಲ, ದಶಮಾಂಶದ ಬಿಂದು ಅಂತ ಹೊಳೆಯಿತು. ಸೊನ್ನೆ ಬಿಂದು ಒಂದು ಏಳು ಏಳು, ಸೊನ್ನೆ ಬಿಂದು ಎರಡು ಎರಡು. ಒಂದಕ್ಕಿಂತ ಎರಡು ದೊಡ್ಡದು, ಮುಗಿದುಹೋಯಿತು. ಎಲ್ಲಾ ವಿವರಿಸಿ ಹೇಳಿದೆ.

ಮಾವ ಪೂರ್ತಿ ಕೇಳಿ, "ಇದನ್ನ ಹುಡುಗರಿಗೆ ಹೇಳಿಕೊಡಾಕೆ ಅಂತಾನೇ ಸರ್ಕಾರ ನಿಮಗೆ ಸಂಬಳ ಕೊಡೋದಾ?" ಅಂದರು.

ಅವತ್ತಿನಿಂದ ಆ ಮನೆಯಲ್ಲಿ ನನ್ನ ಹೆಸರು ನೂರಾ ಎಪ್ಪತ್ತೇಳು. "ನೂರಾ ಎಪ್ಪತ್ತೇಳು ಬಂದ್ರು, ಕಾಫಿ ಇಡ್ರಿ" ಅನ್ನೋರು. ಮಗಳು ಹುಟ್ಟಿದಾಗ ಅವಳೂ ನೂರಾ ಎಪ್ಪತ್ತೇಳರ ಮಗಳಾದಳು. ನಗೋರಿಗೆ ನಗು. ನನಗೆ ನಿಜವಾಗಿ ನೋವಾಗುತ್ತಿತ್ತು. ನಾನು ಕಲಿತಿದ್ದು ಅದೊಂದೇ ವಿದ್ಯೆ, ಅದರಲ್ಲೇ ಹೆಸರು ಕೆಟ್ಟಿತಲ್ಲ! ಸಾಯೋದರೊಳಗೆ ಆ ಹೆಸರು ಕಳಚಿಕೊಳ್ಳಬೇಕು ಅಂತ ಹಟ ಹಿಡಿದೆ.

ಇನ್ಸ್‌ಪೆಕ್ಟರ ಪ್ರಶ್ನೆ

ಆ ಹಬ್ಬ ಮುಗಿಸಿ ಹೊರಡುವಾಗ ಬಿದ್ದ ಗುಂಡನ್ನೆಲ್ಲ ಆರಿಸಿಕೊಂಡು ಜಗಳೂರಿಗೆ ತಂದೆ. ಅಷ್ಟರಲ್ಲಿ ಮಾವ ಬೇರೆ ತರಿಸಿದ್ದ ಇಪ್ಪತ್ತೆರಡರ ಗುಂಡಿನಲ್ಲೂ ನಾಲ್ಕು ಇಸಿದುಕೊಂಡಿದ್ದೆ. ಹಳೇ ಪೆನ್ನಿನ ಕೊಳವೆಯೊಂದನ್ನು ಕೊಯ್ದು ಕ್ಲಾಸಿಗೆ ಒಯ್ದೆ. ನೂರಾ ಎಪ್ಪತ್ತೇಳು ಕೊಳವೆಯಲ್ಲಿ ಜಾರಿ ಬೀಳುತ್ತಿತ್ತು, ಇಪ್ಪತ್ತೆರಡು ಸಿಕ್ಕಿಕೊಳ್ಳುತ್ತಿತ್ತು. ನನ್ನ ಸರ್ವೀಸಿನಲ್ಲೇ ದಶಮಾಂಶದ ಪಾಠ ಅಷ್ಟು ಚೆನ್ನಾಗಿ ಆಗಿದ್ದು ಅದೊಂದು ಸಲ.

ಅದೇ ವಾರ ಸ್ಕೂಲ್ ಇನ್ಸ್‌ಪೆಕ್ಟರು ಬಂದರು. ಬೋರ್ಡಿನ ಮೇಲೆ ಎರಡೂ ಸಂಖ್ಯೆ ಬರೆದಿತ್ತು. "ಇದರಲ್ಲಿ ಯಾವುದು ದೊಡ್ಡದು?" ಅಂದರು. ಇಡೀ ಕ್ಲಾಸು ಒಂದೇ ದನಿಯಲ್ಲಿ ಸರಿಯಾದ ಉತ್ತರ ಹೇಳಿತು. ಇನ್ಸ್‌ಪೆಕ್ಟರು ಖುಷಿಯಾಗಿ, "ಶಭಾಷ್. ಹೆಂಗೆ ಹೇಳ್ತೀರಿ?" ಅಂದರು.

ಇಡೀ ಕ್ಲಾಸು ಕೂಗಿತು: "ಸಣ್ಣದು ಮೇಷ್ಟ್ರ ಕಾಲ ಮೇಲೆ ಬೀಳ್ತೈತೆ ಸಾರ್!"

ಓದಾಕೆ ಬರದವರು

ಅಲ್ಲಿಂದ ಚನ್ನಗಿರಿಗೆ ವರ್ಗ ಆಯಿತು. ನಲ್ಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹಿಂದಿ ಮೇಷ್ಟ್ರು ಯಾರದೋ ಹಳೇ ಏರ್‌ಗನ್ನು ಕೊಂಡರು. "ಗುಂಡು ಯಾವುದು ತರ್ಲಿ ಸಾರ್?" ಅಂತ ನನ್ನ ಹತ್ತಿರ ಬಂದರು. ಈ ವಿಷಯದಲ್ಲಿ ನನ್ನಷ್ಟು ಪೆಟ್ಟು ತಿಂದವರು ಯಾರಿದ್ದಾರೆ? "ಕಣ್ಣು ಮುಚ್ಚಿಕೊಂಡು ಇಪ್ಪತ್ತೆರಡು ತನ್ನಿ" ಅಂದೆ.

ತಂದರು. ಗುಂಡು ಒಳಗೇ ಹೋಗಲೊಲ್ಲದು. ಕೊಬ್ಬರಿ ಎಣ್ಣೆ ಹಚ್ಚಿ, ಕುಟ್ಟಾಣಿಯಲ್ಲಿ ತಟ್ಟಿದೆವು. ಅರ್ಧ ಹೋಗಿ ಕಚ್ಚಿಕೊಂಡಿತು. ಗನ್ನನ್ನು ಟವೆಲ್ಲಿನಲ್ಲಿ ಸುತ್ತಿ ಸೈಕಲ್ ಶಾಪಿನ ಸಾಬರ ಹತ್ತಿರ ಒಯ್ದೆವು. ವಯಸ್ಸಾದವರು. ಸೈಕಲ್ ಕಡ್ಡಿ ತೂರಿಸಿ ಒಂದೇ ಏಟಿಗೆ ಗುಂಡು ಈಚೆ ತೆಗೆದರು. ನಳಿಗೆಯ ಬುಡ ಒರೆಸಿ, ಅಲ್ಲಿ ಕೊರೆದಿದ್ದ ಅಂಕಿ ತೋರಿಸಿದರು. ನೂರಾ ಎಪ್ಪತ್ತೇಳು.

"ಏನೋ ಬರದೈತಲ್ಲ ಸಾಹೇಬ್ರೆ, ನೋಡಲಿಲ್ವಾ?" ಅಂದರು.

"ಗಮನಿಸಲಿಲ್ಲ ಸಾಬ್ರೆ. ಏನಂತ ಬರದೈತೆ ಅಂತ ನಿಮಗೆ ಗೊತ್ತಾ?"

"ನಂಗೆಲ್ಲಿ ಗೊತ್ತು? ನಂಗೆ ಓದಾಕೆ ಬರಲ್ಲ. ಅದಕ್ಕೇ ಸರಿಯಾಗಿ ನೋಡ್ತೀನಿ" ಅಂದರು.

ಚುಕ್ಕಿ ಇದೆ!

ಹೊನ್ನಾಳಿಗೆ ವರ್ಗ ಆಗಿ ಬರುವ ಹೊತ್ತಿಗೆ ನಾದಿನಿಗೆ ಮದುವೆ ಗೊತ್ತಾಯಿತು. ಹೆಂಡತಿ ಹದಿನೈದು ದಿನ ಮೊದಲೇ ನ್ಯಾಮತಿಗೆ ಹೋದಳು. ಅಲ್ಲಿ ಮನೆಗೆ ಬಂದು ಬಳೆ ತೊಡಿಸುತ್ತಿದ್ದಾಕೆ ಮಗಳ ಬಾಣಂತನಕ್ಕೆ ಅಂತ ಊರಿಗೆ ಹೋಗಿದ್ದಳು. ಅತ್ತೆ ನನಗೆ ಹೇಳಿ ಕಳಿಸಿದರು: "ಹಸಿರು ಗಾಜಿನ ಬಳೆ ನಾಲ್ಕು ಡಜನ್ ತನ್ನಿ. ಹುಡುಗಿ ಕೈ ತೀರಾ ಸಣ್ಣದು. ಅಂಗಡೀಲಿ ಇರೋದ್ರಲ್ಲೇ ಸಣ್ಣ ಅಳತೆ ಇರ್ಲಿ."

ದೇವರೇ ಕೊಟ್ಟ ಅವಕಾಶ ಅಂದುಕೊಂಡೆ. ಬಳೆ ಅಂಗಡಿಯಲ್ಲಿ ಪೆಟ್ಟಿಗೆಗಳ ಸಾಲು. ಕನ್ನಡಕ ಒರೆಸಿಕೊಂಡು ಮೊದಲು ಚುಕ್ಕಿ ಹುಡುಕಿದೆ. ಇತ್ತು! 2.4, 2.6, 2.8, ಕೊನೆಯಲ್ಲಿ 2.10. ಅಂಗಡಿಯಾಕೆ 2.4ರ ಪೆಟ್ಟಿಗೆ ತೆಗೆದು, "ಎಲ್ಲಕ್ಕಿಂತ ಸಣ್ಣದು ಇದೇ ಸಾರ್" ಅಂದಳು.

ನಾನು ನಕ್ಕೆ. "ಅಲ್ಲಮ್ಮ, ಚುಕ್ಕಿ ಆದಮೇಲೆ ಅಲ್ಲಿ ನಾಲ್ಕು ಐತೆ, ಇಲ್ಲಿ ಒಂದು ಐತೆ. ಸಣ್ಣದು ಯಾವುದು? ಆ ಎರಡು ಹತ್ತು ಕೊಡು."

"ಅದು ದಪ್ಪ ಕೈಯೋರಿಗೆ ಸಾರ್."

"ಈ ಚುಕ್ಕಿಯ ಮೋಸ ನಾನು ದಾವಣಗೆರೆಯಲ್ಲೇ ನೋಡಿದೀನಿ. ಅಂಗಡಿ ನಿಂದು, ಲೆಕ್ಕ ನಂದು."

"ಆಯ್ತಪ್ಪಾ, ಓದಿದೋರು ನೀವು" ಅಂತ ಕಟ್ಟಿಕೊಟ್ಟಳು.

ಬಳೆ ತೊಡಿಸುವ ದಿನ ನಡುಮನೆಯಲ್ಲಿ ಜಮಖಾನ ಹಾಸಿ, ಹೆಂಗಸರೆಲ್ಲ ಕೂತಿದ್ದರು. ಮಾವ ಬಾಗಿಲ ಹತ್ತಿರ ಕುರ್ಚಿಯಲ್ಲಿದ್ದರು. ನನ್ನ ಹೆಂಡತಿ ತಂಗಿಯ ಕೈ ಹಿಡಿದು ಮೊದಲ ಬಳೆ ಏರಿಸಿದಳು. ತಡೆ ಇಲ್ಲದೆ ಮೊಳಕೈ ತನಕ ಹೋಯಿತು. "ಆಹಾ, ಎಷ್ಟು ಸಲೀಸು!" ಅಂದೆ. ಹುಡುಗಿ ಕೈ ಇಳಿಸಿದಳು. ಬಳೆ ಜಾರಿ ಜಮಖಾನದ ಮೇಲೆ ಬಿದ್ದು, ಉರುಳಿ ಉರುಳಿ ಮಾವನವರ ಕಾಲ ಹತ್ತಿರ ಹೋಗಿ ನಿಂತಿತು.

ಮಾವ ಬಳೆ ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ, ಅದರೊಳಗಿಂದ ನನ್ನನ್ನು ನೋಡಿದರು. ನಾನು ಎದ್ದು ನಿಂತು ದಶಮಾಂಶ ವಿವರಿಸಾಕೆ ಶುರು ಮಾಡಿದೆ.

"ರೀ, ಸುಮ್ನೆ ಕೂತ್ಕಳ್ರೀ" ಅಂದಳು ಹೆಂಡತಿ. "ಅದು ಬಿಂದು ಅಲ್ಲ, ಬರೀ ಚುಕ್ಕಿ. ಎರಡು ನಾಲ್ಕು, ಎರಡು ಆರು, ಎರಡು ಎಂಟು, ಎರಡು ಹತ್ತು. ಎಂಟಾದ ಮೇಲೆ ಹತ್ತು ಅಲ್ವೇನ್ರೀ?"

ಬಿಂದು ಇದ್ದಾಗ ನೊಣ ಅಂದುಕೊಂಡೆ. ಬಿಂದು ಅಂದುಕೊಂಡಾಗ ಅದು ನೊಣಕ್ಕೂ ಕಡೆಯಾಯಿತು. ಆ ನಾಲ್ಕು ಡಜನ್ನೂ ನಮ್ಮ ಅತ್ತೆಯ ಕೈಗೆ ಹೇಳಿ ಮಾಡಿಸಿದ ಹಾಗೆ ಕೂತವು. ಹುಡುಗಿಗೆ ಬೇರೆ ಬಳೆ ತರಾಕೆ ನನ್ನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಹೋಗೋದು ಅಂತ ತೀರ್ಮಾನ ಆಯಿತು.

ಹೆಂಗಸರೆಲ್ಲ ನಕ್ಕು ಸುಸ್ತಾದ ಮೇಲೆ ಮಾವ ಕೈ ಎತ್ತಿದರು. "ನೋಡ್ರಪ್ಪಾ, ಎಲ್ಲಾರೂ ಕೇಳ್ರಿ. ಬಾಳ ವರ್ಷ ಆತು, ನಮ್ಮ ಅಳಿಯಂದ್ರು ಪಾಪ ನೊಂದ್ಕೊಂಡವ್ರೆ. ಇನ್ಮೇಲೆ ಈ ಮನೇಲಿ ಯಾರೂ ಅವರನ್ನ ನೂರಾ ಎಪ್ಪತ್ತೇಳು ಅನ್ನಬಾರದು."

ನನ್ನ ಕಣ್ಣು ತುಂಬಿ ಬಂತು. ಕೈ ಮುಗಿದೆ.

"ಎರಡು ಹತ್ತು ಅನ್ರಿ" ಅಂದರು.