ಗುಂಪಣ್ಣ ಯಾವ ಸಮುರಾಯ್?

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಡಬ್ಬಿಂಗ್ ಸ್ಟುಡಿಯೋಗೆ ಒಂದು ಇಮೇಲ್ ಬಂತು. ಅದರಲ್ಲಿ ಇಪ್ಪತ್ತು ಪ್ರಶ್ನೆಗಳಿದ್ದವು. ಅವು ಬರದೇ ಇದ್ದಿದ್ದರೆ ಗುಂಪಣ್ಣ ಆವತ್ತೂ ಎಂದಿನ ಹಾಗೆ ಎರಡು ಸಲ ನಾಯಿಯಾಗಿ ಬೊಗಳಿ, ನಾಲ್ಕು ಸಲ ಗುಂಪಾಗಿ ಕೂಗಿ, ಸಂಜೆ ಆರಕ್ಕೆ ಮನೆ ಸೇರುತ್ತಿದ್ದ.

ಗುಂಪಣ್ಣ ಅನ್ನುವುದು ಅವನ ಹೆತ್ತವರು ಇಟ್ಟ ಹೆಸರಲ್ಲ. ಹನ್ನೊಂದು ವರ್ಷದಿಂದ ಅವನು ದನಿ ಕೊಟ್ಟದ್ದೆಲ್ಲ ಗುಂಪಿಗೆ. ‘ಹಿಡೀರಿ ಅವನನ್ನ!’, ‘ಅಯ್ಯೋ, ಬೆಂಕಿ!’, ‘ದೊರೆ ಬಂದ್ರು, ದಾರಿ ಬಿಡಿ!’ ಪರದೆಯ ಮೂಲೆಯಲ್ಲಿ ಮುಖ ಕಾಣದೆ ಕೈ ಎತ್ತುವ ಮೂವತ್ತು ಜನರ ಗಂಟಲೂ ಅವನೊಬ್ಬನದೇ. ಮೈಕಿನ ಮುಂದೆ ಸಿಗದ ಮಾತನ್ನೆಲ್ಲ ಮೈಕಿನಿಂದಾಚೆ ಆಡಿ ತೀರಿಸಿಕೊಳ್ಳುತ್ತಿದ್ದ. ಕಾಫಿ ಯಂತ್ರದ ಹತ್ತಿರ ಅವನ ಕೈಗೆ ಸಿಕ್ಕವರು ಯಾರೂ ಬಿಸಿ ಕಾಫಿ ಕುಡಿದದ್ದಿಲ್ಲ.

ನಿರ್ದೇಶಕಿ ಎಲ್ಲರನ್ನೂ ಕೂರಿಸಿಕೊಂಡು ಇಮೇಲ್ ಓದಿ ಹೇಳಿದಳು.

“ಜಪಾನಿನ ಹೊಸ ಅನಿಮೆ, ಅಂದ್ರೆ ಅವರ ಕಾರ್ಟೂನ್ ಸರಣಿ. ಹಾಸ್ಯದ್ದು. ಕೆಲಸ ಕಳ್ಕೊಂಡ ಐದು ಜನ ಸಮುರಾಯ್‌ಗಳು ಸೇರ್ಕೊಂಡು ಒಂದು ಮುರುಕಲು ಸೇತುವೆ ಕಾಯ್ತಾರೆ. ಐವತ್ತೆರಡು ಕಂತು. ಕಂಪನಿಯವರದ್ದು ಒಂದೇ ಹಟ. ಪಾತ್ರದ ಸ್ವಭಾವವೂ ದನಿ ಕೊಡೋರ ಸ್ವಭಾವವೂ ಒಂದೇ ಆಗಿರ್ಬೇಕಂತೆ. ಈ ಪ್ರಶ್ನೆಗಳಿಗೆ ಉತ್ತರ ಕೊಟ್ರೆ ನೀವು ಯಾವ ಸಮುರಾಯ್ ಅಂತ ಅವರ ಕಂಪ್ಯೂಟರೇ ಹೇಳತ್ತೆ. ಒಬ್ಬರಿಗೆ ಒಂದೇ ಸಲ. ಮಧ್ಯಾಹ್ನ ಒಂದಕ್ಕೆ ಬಾಗಿಲು ಬಂದ್.”

“ಕಂತು ನೋಡ್ಬಹುದಾ ಮೇಡಂ?” ಗುಂಪಣ್ಣ ಕೇಳಿದ.

“ಮೂರು ಗಂಟೆಗೆ ಬರ್ತವೆ. ಈಗ ಇರೋದು ಪೋಸ್ಟರ್ ಮಾತ್ರ.”

ಪೋಸ್ಟರಿನ ಮುಕ್ಕಾಲು ಭಾಗ ಒಬ್ಬನೇ ನಿಂತಿದ್ದ. ಒಂದು ಕಣ್ಣಿಗೆ ಕಪ್ಪು ಪಟ್ಟಿ, ಗಾಳಿಗೆ ಹಾರುವ ಕೂದಲು, ಹೆಗಲ ಮೇಲೆ ಅಡ್ಡಕ್ಕೆ ಕತ್ತಿ. ಕೆಳಗೆ ‘ಒಂಟಿಗಣ್ಣ ಗುರು’ ಎಂದು ಬರೆದಿತ್ತು. ಮಿಕ್ಕ ನಾಲ್ವರು ಅವನ ಮೊಣಕಾಲಿನ ಆಸುಪಾಸಿನಲ್ಲಿದ್ದರು. ಒಬ್ಬ ತಿನ್ನುತ್ತಿದ್ದ, ಒಬ್ಬ ಅಳುತ್ತಿದ್ದ, ಒಬ್ಬ ನಿಂತಲ್ಲೇ ನಿದ್ದೆ ಹೊಡೆಯುತ್ತಿದ್ದ. ಕೊನೆಯವನು ಗುರುವಿನ ನಿಲುವಂಗಿಯ ಹಿಂದೆ ಅಡಗಿಕೊಂಡು ಬಾಯಿ ತೆರೆದಿದ್ದ.

ಗುಂಪಣ್ಣನ ಕಣ್ಣು ಗುರುವಿನ ಮೇಲೇ ನೆಟ್ಟಿತು. ಆಗುವುದಾದರೆ ಗುರುವೇ ಆಗಬೇಕು. ಹನ್ನೊಂದು ವರ್ಷ ಮೂಲೆಯಲ್ಲಿ ಕೂಗಿದ್ದು ಸಾಕು.

ಅವನು ಮೊಬೈಲ್ ಹಿಡಿದು ಸೋಫಾದ ತುದಿಗೆ ಹೋದ. ಪಕ್ಕದಲ್ಲಿ ಖಳನಾಯಕ ಬಂದು ಕೂತ. ಈ ಖಳನಾಯಕ ಪರದೆಯ ಮೇಲೆ ಊರಿಗೇ ಬೆಂಕಿ ಹಚ್ಚುವ ದನಿಯವನು. ಹೊರಗೆ ಮಾತ್ರ ಬಾಗಿಲಿಗೆ ಭುಜ ತಾಗಿದರೆ ಬಾಗಿಲಿಗೇ ‘ಕ್ಷಮಿಸಿ’ ಅನ್ನುವಷ್ಟು ಸಾಧು. ಇನ್ನೊಂದು ಪಕ್ಕದಲ್ಲಿ ಪಾಪು ಅಕ್ಕ ಕೂತಳು. ಐವತ್ತೆಂಟರ ಹೆಂಗಸು. ಈ ಸ್ಟುಡಿಯೋದಲ್ಲಿ ಅತ್ತ ಕೂಸುಗಳೆಲ್ಲ ಅವಳ ಬಾಯಿಂದಲೇ ಅತ್ತವು.

ಮೊದಲ ಪ್ರಶ್ನೆ: ಎದುರಾಳಿ ಕತ್ತಿ ಎಳೆದಾಗ ನೀವೇನು ಮಾಡುತ್ತೀರಿ? ಕತ್ತಿ ಎಳೆಯುತ್ತೀರಾ, ಮಾತಾಡಿಸುತ್ತೀರಾ, ಓಡುತ್ತೀರಾ?

ಗುಂಪಣ್ಣ ‘ಕತ್ತಿ ಎಳೆಯುತ್ತೇನೆ’ ಒತ್ತಿದ.

“ಹೋದ ವಾರ ಹಲ್ಲಿ ಬಿದ್ದಾಗ ಸೌಂಡ್ ಮಿಕ್ಸರ್ ಮೇಜಿನ ಮೇಲೆ ಹತ್ತಿ ನಿಂತಿದ್ದು ಯಾರಪ್ಪ?” ಅಂದಳು ಪಾಪು ಅಕ್ಕ.

“ಅದು ಹಲ್ಲಿ. ಇದು ಎದುರಾಳಿ.”

ದಿನಕ್ಕೆ ಎಷ್ಟು ಮಾತಾಡುತ್ತೀರಿ ಎಂಬ ಪ್ರಶ್ನೆಗೆ ‘ಇಲ್ಲವೇ ಇಲ್ಲ ಎನ್ನುವಷ್ಟು’ ಎಂದು ಒತ್ತಿದಾಗ ಅಕ್ಕ ನಕ್ಕು ನಕ್ಕು ಕೆಮ್ಮತೊಡಗಿದಳು. ಖಳನಾಯಕ ಅವಳಿಗೆ ನೀರು ತಂದುಕೊಟ್ಟು, ತಡವಾಯಿತೆಂದು ಕ್ಷಮೆ ಕೇಳಿದ.

ಹೀಗೇ ಇಪ್ಪತ್ತೂ ಮುಗಿದವು. ಕೊನೆಯಲ್ಲಿ ಇನ್ನೊಂದು ಚೌಕ ತೆರೆದುಕೊಂಡಿತು: ಈ ಉತ್ತರಗಳು ನಿಜವೆಂದು ನಿಮ್ಮ ಸಹೋದ್ಯೋಗಿಯೊಬ್ಬರು ಒಪ್ಪಬೇಕು.

ಗುಂಪಣ್ಣ ಖಳನಾಯಕನ ಮುಖ ನೋಡಿದ. “ನಂಗೆ ಸುಳ್ಳು ಹೇಳಕ್ಕೆ ಬರಲ್ಲ ಕಣೋ, ಕ್ಷಮಿಸು” ಅಂದ ಅವನು. ಉಳಿದದ್ದು ಪಾಪು ಅಕ್ಕ.

“ಒಪ್ತೀನಿ,” ಅಂದಳು ಅವಳು. “ಒಂದೇ ಮಾತು. ಈಗ ಹತ್ತೂ ನಲವತ್ತು. ಹನ್ನೆರಡೂವರೆವರೆಗೆ ನೀನು ತುಟಿ ಬಿಚ್ಚಬಾರದು. ಒಂದು ಅಕ್ಷರ ಬಿದ್ರೂ ಮುಗೀತು.”

“ಅಷ್ಟೇನಾ?” ಎಂದು ಬಾಯಿ ತೆರೆದವನು ಅರ್ಧಕ್ಕೇ ಬಾಯಿ ಮುಚ್ಚಿದ. ಅಕ್ಕ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಕಳೆಯಿತು. ಆಮೇಲೆ ಅವನ ಮುಖ ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಅದುರತೊಡಗಿತು. ಸುದ್ದಿ ತಿಳಿದ ಸೌಂಡಿನವನು ಬೇಕೆಂದೇ ಎದುರು ನಿಂತು, ಗುಂಪಣ್ಣನಿಗೆ ಚೆನ್ನಾಗಿ ಗೊತ್ತಿದ್ದ ಕತೆಯೊಂದನ್ನು ತಪ್ಪು ತಪ್ಪಾಗಿ ಹೇಳಿದ. ಗುಂಪಣ್ಣ ಕುರ್ಚಿಯ ಕೈ ಹಿಡಿದು ಸಹಿಸಿಕೊಂಡ.

ಹನ್ನೊಂದೂಕಾಲಿಗೆ ಹೆಂಡತಿಯ ಫೋನ್ ಬಂತು. ಎತ್ತದಿದ್ದರೆ ಗಾಬರಿಯಾಗುತ್ತಾಳೆಂದು ಎತ್ತಿದ. ಸೌಂಡಿನವನು ಬಗ್ಗಿ ಸ್ಪೀಕರ್ ಒತ್ತಿದ.

“ರೀ, ಬೀರು ಕೀಲಿ ಎಲ್ಲಿಟ್ರಿ?”

ಗುಂಪಣ್ಣ ಉಸಿರು ಬಿಟ್ಟ.

“ರೀ? ಕೇಳ್ತಾ ಇದೆಯಾ?”

ಮತ್ತೂ ಉಸಿರು ಬಿಟ್ಟ. ಆ ಕಡೆ ದನಿ ಏರಿತು.

“ಯಾರೋ ನೀನು? ನಮ್ಮನೆಯವರ ಫೋನ್ ಕದ್ದಿದ್ದೀಯಾ? ನೋಡು, ಹದಿನಾಲ್ಕು ವರ್ಷದಲ್ಲಿ ಅವರು ಮೂರು ಸೆಕೆಂಡ್ ಸುಮ್ನಿದ್ದದ್ದಿಲ್ಲ. ನೀನು ಅವರಲ್ಲ ಅಂತ ನಂಗೊತ್ತು. ಆ ಫೋನಿನ ಗಾಜು ಒಡೆದಿದೆ, ನಿಂಗೇನೂ ಸಿಗಲ್ಲ. ಮರ್ಯಾದೆಯಾಗಿ ವಾಪಸ್ ಕೊಡು!”

ಸೌಂಡಿನವನು ಗೋಡೆಗೆ ಒರಗಿ ಕೂತುಬಿಟ್ಟ. ಗುಂಪಣ್ಣ ಕರೆ ಕತ್ತರಿಸಿ, ‘ನಾನೇ. ಕೀಲಿ ಗಡಿಯಾರದ ಹಿಂದೆ’ ಎಂದು ಬರೆದು ಕಳಿಸಿದ. ‘ಕಳ್ಳನಿಗೆ ಕೀಲಿಯೂ ಗೊತ್ತಾ!’ ಎಂದು ಅತ್ತಲಿಂದ ಉತ್ತರ ಬಂತು. ಕೊನೆಗೆ ಪಾಪು ಅಕ್ಕನೇ ಫೋನ್ ಮಾಡಿ ಸಮಾಧಾನ ಹೇಳಬೇಕಾಯಿತು.

ಹನ್ನೆರಡಕ್ಕೆ ನಿರ್ದೇಶಕಿ ಒಳಗೆ ಕರೆದಳು. ಸೋಪಿನ ಜಾಹೀರಾತಿಗೆ ನಾಯಿ ಬೊಗಳಬೇಕಿತ್ತು. ಗುಂಪಣ್ಣ ಅಕ್ಕನ ಕಡೆ ದೀನವಾಗಿ ನೋಡಿದ. ಅಕ್ಕ ಸ್ವಲ್ಪ ಯೋಚಿಸಿ, ಬೊಗಳುವುದು ಮಾತಲ್ಲ ಎಂದು ತೀರ್ಪು ಕೊಟ್ಟಳು. ಒಂದು ಗಂಟೆ ಇಪ್ಪತ್ತು ನಿಮಿಷ ಗಂಟಲಲ್ಲಿ ಕಟ್ಟಿಕೊಂಡಿದ್ದದ್ದೆಲ್ಲ ಆ ಬೊಗಳಿಕೆಯಲ್ಲಿ ಹೊರಬಂತು. ಸೌಂಡಿನವನು ಹೇಳಿದ ತಪ್ಪು ಕತೆ, ಬೀರುವಿನ ಕೀಲಿ, ಎಲ್ಲವೂ. ನಿರ್ದೇಶಕಿ ಹೆಡ್‌ಫೋನ್ ತೆಗೆದಿಟ್ಟು, “ಇಷ್ಟು ಮನಸ್ಸು ಬಿಚ್ಚಿ ಬೊಗಳಿದ ನಾಯೀನ ನಾನು ಕಂಡಿಲ್ಲ” ಅಂದಳು.

ಹನ್ನೆರಡೂವರೆಗೆ ಪಾಪು ಅಕ್ಕ ಕೊಟ್ಟ ಮಾತಿನಂತೆ ಚೌಕ ಒತ್ತಿದಳು. ಪರದೆಯ ಮೇಲೆ ಒಂದು ಚಕ್ರ ತಿರುಗಿ ನಿಂತಿತು. ‘ಅಭಿನಂದನೆ! ನೀವು ಒಂಟಿಗಣ್ಣ ಗುರು. ಹೊಂದಾಣಿಕೆ ನೂರಕ್ಕೆ ತೊಂಬತ್ತೆಂಟು.’

ಗುಂಪಣ್ಣ ಸೋಫಾದ ಮೇಲೆ ಹತ್ತಿ ನಿಂತ. ಬಾಕಿಯಿದ್ದ ಮಾತುಗಳೆಲ್ಲ ಒಟ್ಟಿಗೆ ನುಗ್ಗಿ, ಯಾವುದೂ ಅರ್ಥವಾಗದ ಹಾಗೆ ಬಂದವು. ಮನೆಗೆ ಫೋನ್ ಮಾಡಿ, “ಮುಖ್ಯ ಪಾತ್ರ ಕಣೇ! ಪೋಸ್ಟರ್ ತುಂಬ ನಾನೇ!” ಎಂದು ಕಿರುಚಿದ. ಹೆಂಡತಿಗೆ ಆಗ ಖಾತ್ರಿಯಾಯಿತು, ಇವನು ಕಳ್ಳನಲ್ಲ.

ಖಳನಾಯಕನೂ ಸೌಂಡಿನವನಿಂದ ಒಪ್ಪಿಗೆ ಹಾಕಿಸಿ, ತನ್ನ ಉತ್ತರ ಕಳಿಸಿ ಮೂಲೆಯಲ್ಲಿ ಸುಮ್ಮನೆ ಕೂತಿದ್ದ. ಅವನಿಗೆ ಬಂದದ್ದು ನಿಲುವಂಗಿಯ ಹಿಂದೆ ಅಡಗಿದ್ದ ಹೆದರುಪುಕ್ಕ. “ಪರವಾಗಿಲ್ಲ ಬಿಡೋ,” ಎಂದು ಗುಂಪಣ್ಣ ಅವನ ಬೆನ್ನು ತಟ್ಟಿದ. “ಸಣ್ಣ ಪಾತ್ರ ಅಂತ ಬೇಜಾರಾಗ್ಬೇಡ. ನಾನೂ ಅಲ್ಲಿಂದಾನೇ ಬಂದಿದ್ದು.”

ಮೂರಕ್ಕೆ ಮೊದಲ ಕಂತು ಬಂತು. ಎಲ್ಲರೂ ದೀಪ ಆರಿಸಿ ನೋಡಿದರು.

ಹೆದರುಪುಕ್ಕ ಸಮುರಾಯ್ ಸೇತುವೆಯ ಮೇಲೆ ಬಂದ. ಮಾತಾಡಿದ. ಕಳ್ಳರು ಕತ್ತಿ ಎಳೆದರು. ಅವನು ಅವರ ತಾಯಂದಿರ ಆರೋಗ್ಯ ವಿಚಾರಿಸಿದ. ತನ್ನ ಮಂಡಿನೋವಿನ ಇತಿಹಾಸ ಹೇಳಿದ. ಕಳ್ಳರು ಬೇಸತ್ತು ಕತ್ತಿ ಬಿಟ್ಟು ಮನೆಗೆ ಹೋಗುವವರೆಗೂ ಹೇಳಿದ. ಇಪ್ಪತ್ತು ನಿಮಿಷದಲ್ಲಿ ಹದಿನೆಂಟು ನಿಮಿಷ ಅವನ ಮಾತೇ. ಸ್ಟುಡಿಯೋದಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಂಟಿಗಣ್ಣ ಗುರು ಎಲ್ಲ ದೃಶ್ಯದಲ್ಲೂ ಇದ್ದ. ಸೇತುವೆಯ ತುದಿಯಲ್ಲಿ ಕೂದಲು ಹಾರಿಸಿಕೊಂಡು ನಿಂತಿದ್ದ. ಕಂತಿನ ಕೊನೆಗೆ ತಿರುಗಿ ನೋಡಿ, “ಹ್ಞೂಂ” ಅಂದ.

“ಮೌನವ್ರತ ಅಂತೆ,” ನಿರ್ದೇಶಕಿ ಟಿಪ್ಪಣಿ ಓದಿದಳು. “ಐವತ್ತೆರಡು ಕಂತಿಗೂ ಕಂತಿಗೊಂದೇ ‘ಹ್ಞೂಂ’.”

ಗುಂಪಣ್ಣನಿಗೆ ಕುರ್ಚಿ ಕೆಳಗೆ ಜಾರಿದ ಹಾಗಾಯಿತು. ದೀಪ ಹಾಕಿದಾಗ ಅವನು ಖಳನಾಯಕನ ತೋಳು ಹಿಡಿದ. “ನೀನು... ನಿಂಗೆ ಆ ಮಾತುಗಾರ ಹೇಗೆ ಸಿಕ್ಕಿದ? ನೀನು ಮಾತೇ ಆಡಲ್ವಲ್ಲೋ!”

ಖಳನಾಯಕ ನೆಲ ನೋಡಿದ. “ನನ್ನ ಸ್ವಭಾವ ಏನು ಅಂತ ನಂಗೇ ತಿಳೀಲಿಲ್ಲ. ಅದಕ್ಕೆ ಒಂದೊಂದು ಪ್ರಶ್ನೆಗೂ ನೀನಾಗಿದ್ರೆ ಏನ್ಮಾಡ್ತಿದ್ದೆ ಅಂತ ನೆನೆಸ್ಕೊಂಡು ಒತ್ತಿದೆ. ಹಲ್ಲಿ, ಮೇಜು, ಎಲ್ಲಾನೂ. ಕ್ಷಮಿಸು.”

“ಇನ್ನೊಂದ್ಸಲ ತುಂಬ್ತೀನಿ ಮೇಡಂ! ನಿಜ ಹೇಳ್ತೀನಿ!” ಗುಂಪಣ್ಣ ಕೂಗಿದ.

“ಒಂದೇ ಅವಕಾಶ ಅಂದಿದ್ನಲ್ಲ. ಅದೂ ಅಲ್ದೆ ತೊಂಬತ್ತೆಂಟು ಬಂದಿದೆ. ಕಂಪನಿಯವರು ಕುಣಿದಾಡ್ತಿದ್ದಾರೆ.”

ನಾಲ್ಕಕ್ಕೇ ಕೆಲಸ ಶುರುವಾಯಿತು. ಖಳನಾಯಕ ಮೈಕಿನ ಮುಂದೆ ನಿಂತು ಮೊದಲ ಮಾತಿಗೇ ತಡವರಿಸಿದ. “ಇದನ್ನ ನೀನಾದ್ರೆ ಹೇಗೆ ಹೇಳ್ತಿದ್ದೆ?” ಎಂದು ಗಾಜಿನಾಚೆ ಕೇಳಿದ. ಗುಂಪಣ್ಣ ತಡೆಯಲಾರದೆ ಎದ್ದು ಇಡೀ ಪುಟ ಒಂದೇ ಉಸಿರಿಗೆ ಹೇಳಿ ತೋರಿಸಿದ. ಸೌಂಡಿನವನ ಕೈ ನಿಂತೇಹೋಯಿತು. ಪಾಪು ಅಕ್ಕ ಕಣ್ಣು ಒರೆಸಿಕೊಂಡಳು.

“ಗುಂಪಣ್ಣ, ಸುಮ್ನಿರಿ,” ನಿರ್ದೇಶಕಿಯ ದನಿ ಸ್ಪೀಕರಿನಲ್ಲಿ ಬಂತು. “ನೀವು ಗುರು.”

ಆಮೇಲೆ ಅವನ ಸರದಿ. ‘ಹ್ಞೂಂ’ ಹದಿನಾಲ್ಕು ಸಲ ಹೇಳಿಸಿದರು. ಹದಿಮೂರರಲ್ಲೂ ಮಾತು ಜಾಸ್ತಿಯಾದ ಹಾಗಿದೆ ಎಂದು ತಿರಸ್ಕರಿಸಿದರು.

ಸಂಜೆ ಮನೆಯ ಮೆಟ್ಟಿಲು ಹತ್ತುವಾಗಲೇ ಅವನಿಗೆ ಅನುಮಾನ ಬಂತು. ಬಾಗಿಲಲ್ಲಿ ಹದಿನಾರು ಜೊತೆ ಚಪ್ಪಲಿ. ಒಳಗೆ ಮೂರು ಮನೆಯಿಂದ ತಂದ ಕುರ್ಚಿಗಳಲ್ಲಿ ಕಟ್ಟಡದವರೆಲ್ಲ ಸಾಲಾಗಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಕೆಳಮನೆಯ ನಿವೃತ್ತ ಮೇಷ್ಟ್ರು ಕಿವಿಯ ಯಂತ್ರ ತಿರುಗಿಸಿಕೊಳ್ಳುತ್ತಿದ್ದರು.

“ಬಂದ್ರು, ಬಂದ್ರು!” ಹೆಂಡತಿ ಅವನ ಚೀಲ ಇಸಿದುಕೊಂಡಳು. ಹದಿನಾಲ್ಕು ವರ್ಷದಲ್ಲಿ ಅವಳ ಮುಖ ಅಷ್ಟು ಅರಳಿದ್ದನ್ನು ಅವನು ಕಂಡಿರಲಿಲ್ಲ. “ರೀ, ಎಲ್ಲರೂ ಸಂಜೆ ಐದರಿಂದ ಕಾಯ್ತಿದ್ದಾರೆ. ನಿಮ್ಮ ಗುರು ಪಾತ್ರದ ಒಂದು ಡೈಲಾಗ್ ಹೇಳಿ.”

ಗುಂಪಣ್ಣ ನಡುಮನೆಯಲ್ಲಿ ನಿಂತ. ಎಲ್ಲ ಹೇಳಿಬಿಡೋಣ ಅಂದುಕೊಂಡ. ಹೆಂಡತಿಯ ಮುಖ ನೋಡಿದ. ಮನಸ್ಸಾಗಲಿಲ್ಲ. ಎದೆ ಸೆಟೆಸಿ, ಒಂದು ಕಣ್ಣು ಮುಚ್ಚಿ, ನಿಧಾನವಾಗಿ ತಿರುಗಿ, “ಹ್ಞೂಂ” ಅಂದ. ಆ ದಿನದ ಹದಿನೈದೂ ‘ಹ್ಞೂಂ’ಗಳಲ್ಲಿ ಅದೇ ಒಳ್ಳೆಯದಾಗಿತ್ತು.

ಕುರ್ಚಿಗಳೆಲ್ಲ ಇನ್ನಷ್ಟು ಮುಂದಕ್ಕೆ ಸರಿದವು.

“ಗಂಟಲು ಸರಿ ಮಾಡ್ಕೊಂಡದ್ದು ಆಯ್ತಲ್ಲ,” ಅಂದರು ಮೇಷ್ಟ್ರು. “ಇನ್ನು ಶುರು ಮಾಡಪ್ಪ.”